ಎಡಗಡೆಯ ಹಿಂದಿನ ಬಾಗಿಲು

ಒಗೆಯಲು ಹಾಕುವ ಮುನ್ನ ನನ್ನ ಪ್ಯಾಂಟಿನ ಜೇಬು ತಡಕುವುದು ನನ್ನ ಹೆಂಡತಿಯ ಹಳೆಯ ರೂಢಿ. ಸಾಮಾನ್ಯವಾಗಿ ಸಿಗುವುದು ಬಸ್ ಟಿಕೆಟ್ಟು, ಅಡಿಕೆ ಚೂರು, ಇಲ್ಲವೆ ನಾನು ತರಲು ಮರೆತ ಸಾಮಾನಿನ ಚೀಟಿ. ಈಚೆಗೆ ಒಂದು ದಿನ ಸಿಕ್ಕಿದ್ದು ಕಪ್ಪು ಕ್ಯಾರಂ ಕಾಯಿ.

“ಅರವತ್ತೊಂದನೇ ವಯಸ್ಸಿನಾಗ ಯಾರ ಸಂಗಾಟ ಆಡಾಕ ಹೋಗಿದ್ರಿ?” ಎಂದು ಕೇಳಿದಳು.

ಆಟಕ್ಕಲ್ಲ, ಅಳತೆಗೆ ಎಂದೆ. ಅವಳಿಗೆ ಅರ್ಥವಾಗಲಿಲ್ಲ. ನಿಮಗೂ ಆಗಿರಲಿಕ್ಕಿಲ್ಲ, ಹೇಳುತ್ತೇನೆ. ಕಾಚಿಗುಡದ ನಮ್ಮ ಮನೆಯ ಮುಂದಿನ ಶೆಡ್ಡಿನಲ್ಲಿ ಅಪ್ಪನ ಅಂಬಾಸಿಡರ್ ಕಾರು ನಿಂತಿದೆ. ಅದರ ಎಡಗಡೆಯ ಹಿಂದಿನ ಬಾಗಿಲಿಗೂ ಅದರ ಹಿಂದಿನ ಮಡ್‌ಗಾರ್ಡಿಗೂ ನಡುವೆ ಇದ್ದ ಸಂದು ಕೆಳಗಡೆ ಎಷ್ಟು ಅಗಲವೆಂದರೆ ಕ್ಯಾರಂ ಕಾಯಿ ಸಲೀಸಾಗಿ ಹೋಗುತ್ತಿತ್ತು. ಮೇಲ್ಗಡೆ ಎಷ್ಟು ಬಿಗಿಯೆಂದರೆ ಪೋಸ್ಟ್ ಕಾರ್ಡು ಕೂಡ ತೂರುತ್ತಿರಲಿಲ್ಲ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಸಮಾಂತರ ರೇಖೆಗಳನ್ನು ಕಲಿಸಿದವನು ನಾನು. ದಿನಾ ಬೆಳಿಗ್ಗೆ ಹಾಲು ತರಲು ಹೊರಟಾಗ ಆ ಸಂದು ಕಣ್ಣಿಗೆ ಬೀಳುತ್ತಿತ್ತು, ಆ ದಿನದ ನೆಮ್ಮದಿ ಅಲ್ಲಿಗೇ ಮುಗಿಯುತ್ತಿತ್ತು.

ಇದೆಲ್ಲ ಬರಿಯ ಕಣ್ಣಿನ ಕಿರಿಕಿರಿ ಎಂದು ಹೇಳಿ ಮುಗಿಸಬಹುದಿತ್ತು. ನಿಜ ಹೇಳಬೇಕೆಂದರೆ ನನಗೆ ಆ ಬಾಗಿಲು ಕಂಡರೆ ಭಯ.

ನನ್ನ ಅಂಜುಬುರುಕತನದ ಬಗ್ಗೆ ನಮ್ಮ ಮನೆಯಲ್ಲಿ ಎರಡು ಮಾತಿಲ್ಲ. ಕುಕ್ಕರು ಮೊದಲ ಸೀಟಿ ಹೊಡೆಯುವ ಹೊತ್ತಿಗೆ ನಾನು ಅಂಗಳದಲ್ಲಿರುತ್ತೇನೆ. ಲಿಫ್ಟಿನಲ್ಲಿ ಒಬ್ಬನೇ ಹತ್ತುವುದಿಲ್ಲ, ಹೆಚ್ಚು ಜನರಿದ್ದರೂ ಹತ್ತುವುದಿಲ್ಲ. ಸುಲ್ತಾನ್ ಬಜಾರಿನ ಗದ್ದಲದಲ್ಲಿ ಹೆಂಡತಿ ಸೀರೆ ನೋಡುವಾಗ ನಾನು ಅಂಗಡಿಯ ಹೊರಬಾಗಿಲು ಯಾವ ಕಡೆ ಇದೆ ಎಂದು ನೋಡಿಟ್ಟುಕೊಂಡಿರುತ್ತೇನೆ. ಎಲ್ಲಕ್ಕಿಂತ ಹೆಚ್ಚಿನದು ಕಾರಿನ ಬಾಗಿಲು. ಯಾರ ಕಾರಿನಲ್ಲಿ ಕೂತರೂ ಬಾಗಿಲನ್ನು ಹಾಕಿ, ತೆಗೆದು, ಮತ್ತೆ ಜೋರಾಗಿ ಹಾಕಿ, ಭುಜದಿಂದ ಒಂದು ಸಲ ಒತ್ತಿ ನೋಡದೆ ನನಗೆ ಸಮಾಧಾನವಿಲ್ಲ. ಕ್ಯಾಬ್ ಓಡಿಸುವ ಒಬ್ಬ ಹುಡುಗ ಕನ್ನಡಿಯಲ್ಲಿ ನನ್ನನ್ನೇ ನೋಡಿ, “ಸಾರ್, ಡೋರ್ ಊಡಿಪೋತುಂದಿ” ಎಂದಿದ್ದ. ಬಾಗಿಲು ಕಿತ್ತು ಬರುತ್ತದೆ ಎಂದು ಅವನ ಭಯ. ತೆರೆದುಕೊಳ್ಳುತ್ತದೆ ಎಂದು ನನ್ನದು.

ನನಗೆ ಒಂಬತ್ತು ವರ್ಷ ತುಂಬುವವರೆಗೆ ಈ ಕಾಯಿಲೆ ಇರಲಿಲ್ಲ. ಆಗ ಅಪ್ಪ ನಾಚಾರಂನ ಒಂದು ಸಣ್ಣ ಕಾರ್ಖಾನೆಯಲ್ಲಿ ಸ್ಟೋರ್ ಕೀಪರ್. ಮಾಲೀಕರು ಹೊಸ ಕಾರು ತಂದಾಗ ಹಳೆಯದನ್ನು ಅಪ್ಪನಿಗೆ ದಾಟಿಸಿದ್ದರು. ಬೀದರಿನಿಂದ ಒಂದು ಟ್ರಂಕು ಹಿಡಿದು ಬಂದ ಮನುಷ್ಯನ ಮನೆಯ ಮುಂದೆ ಕಾರು ನಿಂತದ್ದು ನಮ್ಮ ಓಣಿಗೆಲ್ಲ ಸುದ್ದಿ. ಮೆಕ್ಯಾನಿಕ್‌ನ ಕೈಗೆ ಅದನ್ನು ಕೊಡಲು ಅಪ್ಪನಿಗೆ ಮನಸ್ಸಿರಲಿಲ್ಲ. ಎಲ್ಲವನ್ನೂ ತಾವೇ ಬಿಚ್ಚುತ್ತಿದ್ದರು, ತಾವೇ ಕೂಡಿಸುತ್ತಿದ್ದರು, ಒಂದೆರಡು ನಟ್ಟು ಉಳಿದರೆ ಹಳೆಯ ಹಾರ್ಲಿಕ್ಸ್ ಶೀಶೆಯಲ್ಲಿ ಹಾಕಿಡುತ್ತಿದ್ದರು. ಆ ಶೀಶೆ ತುಂಬಿದಷ್ಟೂ ಅವ್ವನ ಮುಖ ಗಂಭೀರವಾಗುತ್ತಿತ್ತು.

ದಸರೆಗೆ ಬೀದರಿಗೆ ಹೋಗುವುದೆಂದಾಯಿತು. ಹೊರಡುವ ದಿನ ಬೆಳಿಗ್ಗೆ ಅಪ್ಪ ಎಡಗಡೆಯ ಹಿಂದಿನ ಬಾಗಿಲನ್ನು ಬಿಚ್ಚಿ ಕೂಡಿಸಿದರು, ಅದು ಗಡಗಡ ಎನ್ನುತ್ತಿತ್ತಂತೆ. ಹಬ್ಬ ಮುಗಿಸಿ ತಿರುಗಿ ಬರುವಾಗ ಜಹೀರಾಬಾದಿನ ಈಚೆ ರಸ್ತೆಯ ಬದಿಯಲ್ಲಿ ಒಂದು ಬುಟ್ಟಿ ಸೀತಾಫಲ ಕೊಂಡರು. ಮುಂದೆ ಅಪ್ಪ, ಅವ್ವ. ಹಿಂದೆ ಬಲಗಡೆ ಸೀತಾಫಲದ ಬುಟ್ಟಿ, ನಡುವೆ ನಾನು, ಈ ಕಡೆ ನಾಲ್ಕು ವರ್ಷದ ತಂಗಿ ಶಾಂತಾ. ಹೊರಗೆ ನೋಡುವ ಹಟ ಮಾಡಿ ಅವಳು ಎಡಗಡೆಯ ಬಾಗಿಲಿಗೆ ಒರಗಿ ಮೊಣಕಾಲೂರಿ ಕೂತಿದ್ದಳು. ಆ ಕಡೆಯ ಗಾಜು ಇಳಿಸುವ ಹಿಡಿಕೆ ಎಂದೋ ಮುರಿದಿತ್ತು.

ಸೀತಾಫಲ ತಿನ್ನುವವನ ಕಷ್ಟ ಬೀಜದ್ದು. ಸೀಟಿಗೆ ಒಂದು ಬೀಜ ಅಂಟಿದರೂ ಅಪ್ಪ ಕಾರು ನಿಲ್ಲಿಸಿ ಬೈಯುತ್ತಿದ್ದರು. ನನ್ನ ಬಾಯಿ ತುಂಬ ಬೀಜ, ಕೈ ತುಂಬ ಬೀಜ, ಎದೆಯಲ್ಲಿ ಅಪ್ಪನ ಭಯ. ತಂಗಿಯ ಮೈಮೇಲಿಂದ ಕೈ ಚಾಚಿ ಬಾಗಿಲಿನ ಹಿಡಿಕೆ ಎಳೆದೆ. ಎರಡು ಬೆರಳಿನಷ್ಟು ಸಂದು ಮಾಡಿ ಬೀಜ ಉಗುಳಿ ಮತ್ತೆ ಹಾಕಿಬಿಡುವ ಯೋಚನೆ. ಅಷ್ಟರಲ್ಲಿ ಒಂದು ಎಮ್ಮೆ ರಸ್ತೆಗೆ ಬಂತು. ಅಪ್ಪ ಕಾರನ್ನು ಒಮ್ಮೆಲೆ ಬಲಕ್ಕೆ ಎಳೆದರು, ಬಾಗಿಲು ನನ್ನ ಕೈ ತಪ್ಪಿ ಪೂರ್ತಿ ತೆರೆದುಕೊಂಡಿತು. ಶಾಂತಾ ಇದ್ದ ಜಾಗದಲ್ಲಿ ರಸ್ತೆ ಕಾಣುತ್ತಿತ್ತು.

ಕಾರಿನ ವೇಗ ಕಡಿಮೆಯಿದ್ದದ್ದು ನಮ್ಮ ಪುಣ್ಯ. ಅವಳ ಎಡಭುಜ ಮುರಿದಿತ್ತು. ಧೂಳಿನಲ್ಲಿ ಅವಳನ್ನು ಎತ್ತಿಕೊಂಡು ನಿಂತ ಅಪ್ಪ ನನ್ನನ್ನು ಕೇಳಿದ್ದು ಒಂದೇ ಮಾತು.

“ಬಾಗಿಲಾ ಹೆಂಗ ತೆರೀತೋ?”

“ತಾನ ತೆರೀತು,” ಎಂದೆ.

ಅಪ್ಪ ತಮ್ಮ ಕೈಗಳನ್ನು ನೋಡಿಕೊಂಡರು. ಊರಿಗೆ ಹೊರಟ ದಿನ ಆ ಬಾಗಿಲನ್ನು ಕೂಡಿಸಿದ ಕೈಗಳು ಅವು ಎಂದು ಆ ವಯಸ್ಸಿನಲ್ಲೂ ನನಗೆ ತಿಳಿಯಿತು. ತಿಳಿದೂ ಸುಮ್ಮನಿದ್ದೆ. ಮೊದಲು ಪೆಟ್ಟಿನ ಭಯಕ್ಕೆ ಸುಮ್ಮನಿದ್ದೆ. ಆಮೇಲೆ ಸುಮ್ಮನಿದ್ದೆನಲ್ಲ ಎಂಬ ಭಯಕ್ಕೆ ಸುಮ್ಮನಿದ್ದೆ. ಐವತ್ತೆರಡು ವರ್ಷ ಹಾಗೇ ಹೋಯಿತು.

ಶಾಂತಾಳ ಎಡಗೈ ಇವತ್ತಿಗೂ ಕಿವಿಯಿಂದ ಮೇಲಕ್ಕೆ ಏಳುವುದಿಲ್ಲ. ತನ್ನ ಜಡೆ ತಾನು ಹೆಣೆದುಕೊಳ್ಳಲು ಅವಳಿಗೆ ಬರಲಿಲ್ಲ. ಅವಳಿಗೆ ಮದುವೆಯಾಗುವ ತನಕ ಅವ್ವನೇ ದಿನಾ ಹೆಣೆದಳು, ಹೆಣೆಯುವಾಗಲೆಲ್ಲ ಅಪ್ಪನಿಗೆ ಕೇಳುವಂತೆ ಅಂದಳು. “ಬಾಗಿಲಾ ಹಾಕಾಕ ಬರದವರಿಗೆ ಕಾರು ಯಾತಕ್ಕರಿ? ನನ್ನ ಮಗಳ ಕೈ ಮುರಿಯಾಕ ತಂದ್ರೇನು?” ಅಪ್ಪ ಅಂಗಳದ ಕನ್ನಡಿಯ ಮುಂದೆ ದಾಡಿ ಮಾಡಿಕೊಳ್ಳುವ ಹೊತ್ತು ಅದು. ನಾನು ಪಕ್ಕದ ಕಟ್ಟೆಯ ಮೇಲೆ ಶಾಲೆಯ ಚೀಲ ತುಂಬಿಕೊಳ್ಳುತ್ತಿರುತ್ತಿದ್ದೆ.

ಅವ್ವ ಆ ಕಾರಿನಲ್ಲಿ ಮತ್ತೆ ಕೂರಲೇ ಇಲ್ಲ. ಸುಲ್ತಾನ್ ಬಜಾರಿಗೆ ಸಿಟಿ ಬಸ್ಸಿನಲ್ಲಿ ಹೋಗುತ್ತಿದ್ದಳು. ಬಸ್ಸಿನ ಹಿಂದೆ ಅಪ್ಪ ಖಾಲಿ ಕಾರು ಓಡಿಸಿಕೊಂಡು ಹೋಗುತ್ತಿದ್ದರು. ಬರುವಾಗ ಅವ್ವ ಕೊಂಡ ಬಟ್ಟೆಯ ಗಂಟು, ಪಾತ್ರೆ, ತರಕಾರಿಯ ಚೀಲ ಎಲ್ಲ ಕಾರಿನಲ್ಲಿ, ಅವ್ವ ಬಸ್ಸಿನಲ್ಲಿ ನಿಂತುಕೊಂಡು. ಓಣಿಯ ಜನ ಇದನ್ನು ನೋಡಿ ನಗುತ್ತಿದ್ದರು. ನಾನೂ ಅವರ ಜೊತೆ ನಕ್ಕಿದ್ದೇನೆ ಎಂದು ಬರೆಯಲು ನಾಚಿಕೆಯಾಗುತ್ತದೆ.

ಇನ್ನು ಭಾನುವಾರ. ಪ್ರತಿ ಭಾನುವಾರ ಅಪ್ಪ ಆ ಬಾಗಿಲಿನ ಮುಂದೆ ಕುಕ್ಕುರುಗಾಲಲ್ಲಿ ಕೂತು ನಟ್ಟು ತಿರುಗಿಸುವ ಪಾನಾ ಹಿಡಿಯುತ್ತಿದ್ದರು. ಸ್ವಲ್ಪ ಎತ್ತುವುದು, ಸ್ವಲ್ಪ ಇಳಿಸುವುದು, ಬಾಗಿಲು ತಿರುಗುವ ಕಬ್ಜಾದ ಹಿಂದೆ ತಗಡಿನ ಒಂದು ಚೂರು ತುರುಕುವುದು, ಬಾಗಿಲು ಹಾಕಿ ಎಳೆದು ನೋಡುವುದು. ಆ ಸದ್ದು ಕೇಳಲಾರದೆ ನಾನು ಗಣಿತದ ಪುಸ್ತಕ ಹಿಡಿದು ಮಾಳಿಗೆ ಹತ್ತುತ್ತಿದ್ದೆ. ಭಾನುವಾರವೂ ಓದುವ ಹುಡುಗ ಎಂದು ಓಣಿಯಲ್ಲಿ ಹೆಸರಾಯಿತು. ಮ್ಯಾಟ್ರಿಕ್ಕಿನಲ್ಲಿ ಗಣಿತಕ್ಕೆ ಬಂದ ಅಂಕಗಳಲ್ಲಿ ಅರ್ಧಕ್ಕಿಂತ ಹೆಚ್ಚು ಆ ಬಾಗಿಲಿನ ದಯೆ. ಅಪ್ಪ ತೀರಿಕೊಂಡು ಹನ್ನೊಂದು ವರ್ಷವಾಯಿತು. ಅದಕ್ಕೆ ಹದಿನೈದು ದಿನ ಮುಂಚೆ ಕೂಡ ಅವರು ಅದರ ಮುಂದೆ ಕೂತಿದ್ದರು.

ಈಚೆಗೆ ಕಲಬುರ್ಗಿಯಿಂದ ಶಾಂತಾ ಫೋನ್ ಮಾಡಿದಳು. “ಅಣ್ಣಾ, ಮುಂದಿನ ತಿಂಗಳು ಬರಾಕತ್ತೀನಿ. ಈ ಸಲ ಅಪ್ಪನ ಕಾರಿನ್ಯಾಗ ನನಗ ಒಂದು ರೌಂಡ್ ಹೊಡಸು. ಅವ್ವಗೂ ಕೂಡ್ಸೋಣು.”

“ಆ ಕಾರು ಭಾಳ ಹಳೇದಾಗೇತಿ, ಶಾಂತಾ.”

“ನಾನೂ ಹಳೇದಾಗೀನಿ. ನನಗ ಐವತ್ತಾರು.”

ಹೂಂ ಎಂದು ಫೋನಿಟ್ಟೆ. ಅವಳು ಆ ಬಾಗಿಲಿನ ಪಕ್ಕವೇ ಕೂರುತ್ತಾಳೆ ಎಂದು ನನಗೆ ಗೊತ್ತಿತ್ತು, ಅವಳ ಹಟ ನಾಲ್ಕು ವರ್ಷದಲ್ಲಿದ್ದಂತೆಯೇ ಇದೆ. ಹಾಗೆ ಶುರುವಾಯಿತು ನನ್ನ ಕ್ಯಾರಂ ಕಾಯಿಯ ವ್ಯವಹಾರ. ಆ ಸಂದನ್ನು ಮೇಲಿಂದ ಕೆಳಗಿನವರೆಗೆ ಒಂದೇ ಸಮ ಮಾಡಿಬಿಟ್ಟರೆ ಬಾಗಿಲು ಭದ್ರವಾದೀತು, ಬಾಗಿಲು ಭದ್ರವಾದರೆ ನಾನು ಬಾಯಿ ಬಿಡುವ ಪ್ರಸಂಗವೇ ಬರಲಿಕ್ಕಿಲ್ಲ ಎಂಬ ಲೆಕ್ಕ ನನ್ನದು.

ಮೊದಲ ವಾರ ಮಾಡಿದ್ದೆಲ್ಲ ಎಡವಟ್ಟು. ಎಲ್ಲ ಬೋಲ್ಟುಗಳನ್ನು ಒಟ್ಟಿಗೇ ಸಡಿಲಿಸಿದೆ, ಬಾಗಿಲು ಮೈಮೇಲೆ ಬಂತು. ಅದನ್ನು ಎರಡು ಕೈಯಲ್ಲಿ ತಬ್ಬಿಕೊಂಡು ಹೆಂಡತಿಯನ್ನು ಕೂಗಿದೆ. ಅವಳು ಬಂದು ನಿಂತು, ಮೊದಲು ಫೋಟೋ ತೆಗೆದು, ಆಮೇಲೆ ಕೈ ಹಚ್ಚಿದಳು. ಕೆಳಗಿನ ಸಂದು ಕಡಿಮೆಯಾದರೆ ಮುಂದಿನ ಬಾಗಿಲಿಗೆ ತಾಗುತ್ತಿತ್ತು. ಅದನ್ನು ಸರಿ ಮಾಡಿದರೆ ಬಾಗಿಲಿನ ಹಿಂಬದಿ ಹೊರಗೆ ಉಬ್ಬುತ್ತಿತ್ತು. ಸಂದು ಎಲ್ಲಿಯೂ ಹೋಗುತ್ತಿರಲಿಲ್ಲ, ಜಾಗ ಬದಲಿಸುತ್ತಿತ್ತು ಅಷ್ಟೆ. ಶಾಂತಾ ಬರುವ ದಿನ ಹತ್ತಿರವಾದಂತೆ ನನಗೆ ಊಟ ಸೇರದಾಯಿತು.

ಕೊನೆಗೆ ಖಾಜಾ ಭಾಯಿಯನ್ನು ಕರೆತಂದೆ. ನಾಚಾರಂನಲ್ಲಿ ನಲವತ್ತು ವರ್ಷ ಕಾರುಗಳ ತಗ್ಗು ತೆಗೆಯುವ ಡೆಂಟರ್ ಕೆಲಸ ಮಾಡಿ ಈಗ ಮನೆಯಲ್ಲಿ ಕೂತ ಮುದುಕ, ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಅಜ್ಜ. ಕೈಯಲ್ಲಿ ಒಂದು ಮರದ ತುಂಡು, ಕಿವಿಯ ಮೇಲೆ ಪೆನ್ಸಿಲು, ಬೇರೆ ಸಾಮಾನಿಲ್ಲ. ಕಾರಿನ ಸುತ್ತ ಒಂದು ಸುತ್ತು ಹಾಕಿ ನನ್ನ ಕ್ಯಾರಂ ಕಾಯಿಯನ್ನು ಇಸಿದುಕೊಂಡು ನೋಡಿ ಹಿಂದಕ್ಕೆ ಕೊಟ್ಟ.

“ಪೈಲೆ ಜೋ ಹಿಲ್ತಾ ನೈ, ಉಸ್ಕು ದೇಖೋ ಸಾಬ್,” ಎಂದ. ಅಲುಗಾಡದ್ದು ಯಾವುದೋ ಅದನ್ನು ಮೊದಲು ನೋಡು ಎಂದು ಅರ್ಥ. ಹಿಂದಿನ ಮಡ್‌ಗಾರ್ಡು ಕಾರಿನ ಮೈಗೆ ಬೆಸೆದಿರುತ್ತದೆ, ಅದು ಸರಿಯುವುದಿಲ್ಲ. ಆದ್ದರಿಂದ ಹಿಂದಿನ ಬಾಗಿಲನ್ನು ಅದಕ್ಕೆ ಹೊಂದಿಸಬೇಕು, ಮುಂದಿನ ಬಾಗಿಲನ್ನು ಹಿಂದಿನದಕ್ಕೆ. ನಾನು ಮುಂದಿನಿಂದ ಹಿಂದಕ್ಕೆ ಹೊರಟಿದ್ದೆ. ಬೋಲ್ಟುಗಳನ್ನು ಒಂದೊಂದಾಗಿ ಸಡಿಲಿಸಬೇಕು, ಬಾಗಿಲಿನ ತುದಿಯನ್ನು ಎತ್ತಿ ನೋಡಿ ಕಬ್ಜಾದ ಮೊಳೆ ಸವೆದಿದೆಯೇ ಎಂದು ಮೊದಲು ತಿಳಿಯಬೇಕು. ಮೇಲಿನ ಮೊಳೆ ಸವೆದಿತ್ತು. ಅದನ್ನು ಬದಲಿಸಿದೆವು.

ಕಬ್ಜಾ ಬಿಚ್ಚಿದಾಗ ಅದರ ಹಿಂದಿನಿಂದ ತಗಡಿನ ಚೂರುಗಳು ಒಂದೊಂದಾಗಿ ಕೆಳಗೆ ಬಿದ್ದವು. ಎಣ್ಣೆ ಡಬ್ಬಿಯ ತಗಡು, ಪೌಡರ್ ಡಬ್ಬಿಯದು, ಹಾರ್ಲಿಕ್ಸ್ ಶೀಶೆಯ ಮುಚ್ಚಳದ್ದು. ಎಲ್ಲವನ್ನೂ ಅಂಚು ತಿಕ್ಕಿ ನುಣುಪು ಮಾಡಲಾಗಿತ್ತು. ಹತ್ತೊಂಬತ್ತು ಇದ್ದವು.

ಖಾಜಾ ಭಾಯಿ ಅವನ್ನು ಅಂಗೈಯಲ್ಲಿ ಹರಡಿಕೊಂಡು ಬಹಳ ಹೊತ್ತು ನೋಡಿದ. “ಕಾಮ್ ಖರಾಬ್ ನೈ ಹೈ ಸಾಬ್. ಕಿಸೀನೆ ಡರ್ ಡರ್ ಕೆ ಬಿಠಾಯಾ.” ಕೆಲಸ ಕೆಟ್ಟದ್ದಲ್ಲವಂತೆ. ಯಾರೋ ಹೆದರಿ ಹೆದರಿ ಕೂಡಿಸಿದ್ದಾರಂತೆ.

ನನ್ನ ಅಪ್ಪ ಎಂದೆ. ಅವನು ಎರಡು ಬಾಗಿಲುಗಳ ನಡುವಿನ ಕಂಬದ ಮೇಲೆ ಕಬ್ಜಾ ಕೂರುವ ಜಾಗವನ್ನು ಚಿಂದಿಯಿಂದ ಒರೆಸಿ ನನ್ನನ್ನು ಹತ್ತಿರ ಕರೆದ. ಬಿಚ್ಚುವ ಮುನ್ನ ಕಬ್ಜಾದ ಸುತ್ತ ಗೆರೆ ಎಳೆದಿಟ್ಟುಕೊಳ್ಳುವುದು ಈ ಕೆಲಸದ ರೂಢಿ, ತಪ್ಪಿದರೆ ಮೊದಲಿನ ಜಾಗಕ್ಕೆ ಹಿಂತಿರುಗಲು. ಅಲ್ಲಿ ಗೆರೆಗಳ ಮೇಲೆ ಗೆರೆ. ಸೀಸದ ಕಡ್ಡಿಯವು, ನೀಲಿ ಶಾಯಿಯವು, ಮೊಳೆಯಿಂದ ಗೀರಿದವು, ಕೊನೆಕೊನೆಯವು ಕೈ ನಡುಗಿ ಡೊಂಕಾದವು. ಮಗು ಪಾಟಿಯ ಮೇಲೆ ಒಂದೇ ಅಕ್ಷರ ತಿದ್ದಿದಂತೆ ಇತ್ತು. ಗೆರೆಗಳನ್ನು ಎಣಿಸಲು ನಾನು ನೆಲಕ್ಕೆ ಕೂತೆ.

ಎಲ್ಲಕ್ಕೂ ಅಡಿಯಲ್ಲಿ ಒಂದು ನೇರ ಗೆರೆ ಇತ್ತು, ಮೊಟ್ಟಮೊದಲಿನದು. ಅಂದರೆ ಬೀದರಿಗೆ ಹೊರಟ ಬೆಳಿಗ್ಗೆಯದು. “ಚಲೋ, ಏ ದೇಖ್ತೇ,” ಇದನ್ನೇ ನೋಡೋಣ ಎಂದು ಖಾಜಾ ಭಾಯಿ ತಗಡಿನ ಚೂರೊಂದನ್ನೂ ಇಡದೆ ಕಬ್ಜಾವನ್ನು ಆ ಗೆರೆಗೆ ಸರಿಯಾಗಿ ಕೂಡಿಸಿದ. ಅಂಚಿಗೆ ಮರದ ತುಂಡು ಕೊಟ್ಟು ಅಂಗೈಯಿಂದ ಎರಡು ಸಲ ಗುದ್ದಿದ. ಬಾಗಿಲು ಹಾಕಿದ. ಸಂದು ಮೇಲಿಂದ ಕೆಳಗಿನವರೆಗೆ ಒಂದೇ ಸಮ ಇತ್ತು.

ಮೂರು ವಾರ ಹಂಬಲಿಸಿದ್ದು ಕಣ್ಣೆದುರಿಗೆ ಬಂದಾಗ ನನಗೆ ಖುಷಿಯಾಗಲಿಲ್ಲ. ಅಪ್ಪ ಆ ಬೆಳಿಗ್ಗೆ ಮಾಡಿದ ಕೆಲಸದಲ್ಲಿ ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಆಮೇಲಿನ ಭಾನುವಾರಗಳಲ್ಲೆಲ್ಲ ಅವರು ಸರಿಯಿದ್ದ ಬಾಗಿಲನ್ನು ಕೆಡಿಸುತ್ತ ಬಂದಿದ್ದರು, ಕೆಡಿಸಲು ಹಚ್ಚಿದ್ದು ‘ತಾನ ತೆರೀತು’ ಎಂಬ ನನ್ನ ಎರಡು ಶಬ್ದ.

ಈ ಹೊತ್ತಿಗೆ ಗೇಟಿನ ಮುಂದೆ ಆಟೋ ನಿಂತಿತು. ಶಾಂತಾ ಸಂಜೆಯ ಬದಲು ಬೆಳಗಿನ ರೈಲಿಗೇ ಬಂದುಬಿಟ್ಟಿದ್ದಳು. ಬ್ಯಾಗು ಇಳಿಸಿ ನೇರ ಶೆಡ್ಡಿಗೆ ಬಂದು, ಬಾಗಿಲನ್ನು ಒಮ್ಮೆ ತೆರೆದು ಹಾಕಿ, “ಈಗ ಕಾರು ಓಡೂವಾಗ ತಾನ ತೆರಿಯಂಗಿಲ್ಲ ಹೌದಿಲ್ಲೊ?” ಎಂದು ಖಾಜಾ ಭಾಯಿಯನ್ನು ಕೇಳಿದಳು. ಅವನಿಗೆ ಕನ್ನಡ ಅಷ್ಟಿಷ್ಟು ತಿಳಿಯುತ್ತದೆ.

ಅವನು ಬಾಗಿಲಿನ ಲಾಕನ್ನು ಬೆರಳಿಂದ ತೋರಿಸಿದ. “ಬೆಹೆನ್, ಏ ಕಂಪ್ನಿ ಕಾ ಲಾಕ್ ಹೈ, ಕಭೀ ಬದ್ಲೇ ನೈ. ಏ ಪೈಲೇ ಭೀ ಖುದ್ ಸೆ ನೈ ಖುಲ್ತಾ ಥಾ. ಕೋಯಿ ಖೋಲೆ ತೋ ಖುಲ್ತಾ.”

ಕಂಪನಿಯ ಲಾಕು, ಎಂದೂ ಬದಲಿಸಿಲ್ಲ; ಮೊದಲೂ ತಾನಾಗಿ ತೆರೆಯುತ್ತಿರಲಿಲ್ಲ, ಯಾರಾದರೂ ತೆರೆದರೆ ತೆರೆಯುತ್ತದೆ. ಶಾಂತಾ ನನ್ನ ಕಡೆ ತಿರುಗಿದಳು. ಅವಳಿಗೆ ಆ ದಿನದ ನೆನಪಿಲ್ಲ, ಕೇಳಿದ ಕಥೆಯಷ್ಟೇ ಗೊತ್ತು. ಆ ಕಥೆ ಶುರುವಾದದ್ದು ನನ್ನ ಬಾಯಿಂದ. ಖಾಜಾ ಭಾಯಿ ನಮ್ಮಿಬ್ಬರ ಮುಖ ನೋಡಿ ಕೈ ತೊಳೆಯುವ ನೆಪ ಮಾಡಿ ನಲ್ಲಿಯ ಕಡೆ ಹೋದ.

ಸುಳ್ಳೊಂದು ನಾಲಿಗೆಯ ಮೇಲೆ ಸಿದ್ಧವಾಗಿಯೇ ಇತ್ತು, ಮುದುಕನಿಗೇನು ಗೊತ್ತು ಎನ್ನುವಂಥದ್ದು. ಅದನ್ನು ನುಂಗಿ, ಬೀಜದಿಂದ ಹಿಡಿದು ಎಮ್ಮೆಯವರೆಗೆ ಎಲ್ಲ ಹೇಳಿದೆ. ಹೇಳುವಾಗ ಅವಳ ಮುಖ ನೋಡಲಾಗದೆ ಆ ಸಂದನ್ನೇ ನೋಡುತ್ತಿದ್ದೆ.

ಅವಳು ಬಲಗೈಯಿಂದ ಎಡಭುಜವನ್ನು ತಿಕ್ಕಿಕೊಂಡಳು. ಆಮೇಲೆ ಹೇಳಿದಳು, “ನೀನೂ ಸಣ್ಣಾಂವ ಇದ್ದಿ. ನನ್ನ ಕೈದು ನಾ ಬಿಟ್ಟೆ. ಆದರ ಅಪ್ಪಂದು ನಾ ಬಿಡಾಕ ಬರಂಗಿಲ್ಲ. ಅವ್ವಗ ಹೇಳು.”

“ಎಂಬತ್ನಾಕು ವರ್ಷ ಆಕಿಗೆ. ತಡಕೋತಾಳೇನು?”

“ಅಪ್ಪ ತಡಕೊಂಡಾರ.”

ಅವ್ವ ಒಳಗಿನ ಕೋಣೆಯಲ್ಲಿ ಮಂಚದ ಮೇಲೆ ಕೂತು ನಮ್ಮ ಹೆಜ್ಜೆಯ ಸದ್ದಿಗೆ ಕಿವಿ ಕೊಟ್ಟಿದ್ದಳು. ಅವಳ ಕಿವಿ ಇನ್ನೂ ಚುರುಕು, ಕಣ್ಣು ಮಂದ. ಶಾಂತಾ ಬಂದದ್ದು ತಿಳಿದು ಅವಳ ತಲೆಯನ್ನು ಹತ್ತಿರಕ್ಕೆ ಎಳೆದುಕೊಂಡು ಕೂದಲು ತಡವಿದಳು. ನಾನು ಎದುರಿನ ಕುರ್ಚಿಯ ತುದಿಯಲ್ಲಿ ಕೂತು ಹೇಳತೊಡಗಿದೆ. ಶಾಂತಾಳಿಗೆ ಹೇಳಿದ್ದಕ್ಕಿಂತ ಇದು ಕಷ್ಟವಾಯಿತು. ನಾನು ಮುಗಿಸಿದಾಗ ಅವ್ವ ಶಾಂತಾಳ ಕೂದಲಿನಿಂದ ಕೈ ತೆಗೆದಳು.

“ನನಗ್ಯಾಕ ಹೇಳಿದಿ?” ಎಂದಳು ಅವ್ವ.

ಹೇಳಬೇಕಾಗಿತ್ತು ಅವ್ವಾ ಎಂದೆ.

“ನಿನ್ನ ಎದಿ ಹಗುರಾತು. ನಾ ಅವರಿಗೆ ಅಂದದ್ದೆಲ್ಲ ಈಗ ನಾ ಎಲ್ಲಿ ಇಡ್ಲಿ?”

ಕಾರಿನ ರೌಂಡು ಆ ದಿನ ಆಗಲಿಲ್ಲ, ಆಮೇಲೂ ಆಗಲಿಲ್ಲ. ನಾಲ್ಕು ದಿನ ಇದ್ದು ಶಾಂತಾ ಊರಿಗೆ ಹೋದಳು. ಹೋಗುವಾಗ ನನ್ನ ಜೊತೆ ಎಂದಿನಂತೆಯೇ ಮಾತಾಡಿದಳು, ಅದು ದೊಡ್ಡದು.

ಅವ್ವ ಬೈದಿದ್ದರೆ ಚೆನ್ನಾಗಿತ್ತು. ಅವಳು ಬೈಯಲಿಲ್ಲ. ನಾನು ಹೇಳಿದ ಮರುದಿನ ಹತ್ತು ಗಂಟೆಗೆ, ಔಷಧ ತೆಗೆದುಕೊಂಡ ಮೇಲೆ, ನನ್ನನ್ನು ಕರೆದು ಕುರ್ಚಿ ತೋರಿಸಿದಳು. “ನೀ ಅಂಗಳದಾಗ ಇರ್ತಿದ್ದಿ. ನಾ ಒಳಗ ಜಡಿ ಹಾಕೋತ ಅವರಿಗೆ ಅಂತಿದ್ದೆ. ಆವಾಗ ಅವರು ಏನ ಅಂತಿದ್ರು?”

“ಏನೂ ಅಂತಿದ್ದಿಲ್ಲ, ಅವ್ವಾ.”

“ನನಗ ಕೇಳಿಸಿಲ್ಲ, ನಿನಗ ಕೇಳಿಸಿರಬೇಕು. ನೆನಪ ಮಾಡ್ಕೊ.”

ಅಂದಿನಿಂದ ದಿನಾ ಹತ್ತಕ್ಕೆ ಕರೆ ಬರುತ್ತದೆ. ಅವಳಿಗೆ ಮರೆವಿಲ್ಲ, ನಿನ್ನೆ ಕೇಳಿದ್ದು ಅವಳಿಗೆ ಗೊತ್ತು. ಒಂಬತ್ತೂವರೆಯಿಂದಲೇ ನಾನು ಗಡಿಯಾರ ನೋಡುತ್ತಿರುತ್ತೇನೆ. ಹೋಗಿ ಕೂರುತ್ತೇನೆ. ಒಂದು ಸಲವಾದರೂ ತಿರುಗಿ ಬೈದಿದ್ದರು ಎಂದುಬಿಡಲೇ ಎಂದು ಪ್ರತಿದಿನ ಅನಿಸುತ್ತದೆ, ಅದನ್ನೇ ಕೇಳಲು ಅವಳು ಮುಂದಕ್ಕೆ ಬಾಗಿ ಕೂತಿರುತ್ತಾಳೆ. ನಿನ್ನೆಯೂ ಕೇಳಿದಳು. ಏನೂ ಅಂತಿದ್ದಿಲ್ಲ ಅವ್ವಾ ಎಂದೆ.